ಫಿಲ್ಮ್ ಛಾಯಾಗ್ರಹಣದಲ್ಲಿ ಎಕ್ಸ್‌ಪೋಷರ್ ಮತ್ತು ಡೆಪ್ತ್ ಆಫ್ ಫೀಲ್ಡ್: ಹಂಪಿ, ಕಂಪ್ಲಿ, ಸಂಡೂರು ಸೀಮೆಯ ನಿದರ್ಶನಗಳೊಂದಿಗೆ

ಫಿಲ್ಮಿನ ಮೇಲೆ ಬೀಳುವ ಬೆಳಕಿನ ಒಟ್ಟು ಮೊತ್ತವೇ ಎಕ್ಸ್‌ಪೋಷರ್. ಕ್ಯಾಮೆರಾದ ಮುಂದೆ ಎಲ್ಲಿಂದ ಎಲ್ಲಿಯವರೆಗಿನ ವಸ್ತುಗಳು ಚಿತ್ರದಲ್ಲಿ ಸ್ಪಷ್ಟವಾಗಿ ಮೂಡುತ್ತವೆಯೋ ಆ ವ್ಯಾಪ್ತಿ ಡೆಪ್ತ್ ಆಫ್ ಫೀಲ್ಡ್. ಇದನ್ನು ಸ್ಪಷ್ಟತೆಯ ಆಳ ಎನ್ನಬಹುದು. ಎಷ್ಟು ಬೆಳಕು ಬೇಕೆಂಬುದನ್ನು ಫಿಲ್ಮಿನ ವೇಗ ಹೇಳುತ್ತದೆ. ಅಷ್ಟನ್ನು ಒದಗಿಸುವವು ಎರಡು: ಮಸೂರದ ಕಿಂಡಿಯಾದ ಅಪರ್ಚರ್ ಮತ್ತು ಷಟರ್ ತೆರೆದಿರುವ ಕಾಲ. ಸ್ಪಷ್ಟತೆಯ ಆಳವನ್ನು ಅಪರ್ಚರ್, ವಸ್ತುವಿನ ದೂರ, ಮಸೂರದ ಸಂಗಮದೂರ ಇವು ಮೂರೂ ಸೇರಿ ನಿರ್ಧರಿಸುತ್ತವೆ. ಹೀಗೆ ಅಪರ್ಚರ್ ಎರಡು ಕಡೆಯೂ ಕೆಲಸ ಮಾಡುತ್ತದೆ. ಆದರೂ ಕೈಪಿಡಿಗಳು ಇವನ್ನು ಎರಡು ಪ್ರತ್ಯೇಕ ಪಾಠಗಳಾಗಿ ಕಲಿಸುತ್ತ ಬಂದಿವೆ: ಮೊದಲು ಸರಿಯಾದ ಎಕ್ಸ್‌ಪೋಷರ್, ಅದು ಕೈಗೆ ಹತ್ತಿದ ಮೇಲೆ ಡೆಪ್ತ್ ಆಫ್ ಫೀಲ್ಡ್. ಈ ಕ್ರಮ ತಿರುವುಮುರುವು ಆಗಬೇಕು ಎಂಬುದು ಈ ಲೇಖನದ ವಾದ. ಫಿಲ್ಮ್ ಛಾಯಾಗ್ರಹಣದಲ್ಲಿ ಇವೆರಡೂ ಒಂದೇ ತೀರ್ಮಾನ. ಆಳ ಎಷ್ಟಿರಬೇಕೆಂಬುದನ್ನು ಮೊದಲು ನಿಶ್ಚಯಿಸಿ, ಅದರ ಬೆಲೆಯನ್ನು ಕಾಲದ ರೂಪದಲ್ಲಿ ತೆರಬೇಕು. ಈ ಮಾತನ್ನು ಪರೀಕ್ಷಿಸಲು ತುಂಗಭದ್ರೆಯ ದಂಡೆಯ ಹಂಪಿ, ಹೊಸಪೇಟೆ, ಕಂಪ್ಲಿ ಮತ್ತು ಪಕ್ಕದ ಸಂಡೂರಿನ ಗುಡ್ಡಗಾಡು ಅನುಕೂಲವಾದ ಪ್ರದೇಶ. ಇಲ್ಲಿ ಛಾಯಾಗ್ರಹಣಕ್ಕೆ 1850ರ ದಶಕದಿಂದ ಇತಿಹಾಸವಿದೆ. ಬಿಸಿಲು, ಬಂಡೆ, ನೀರು, ಕತ್ತಲ ಮಂಟಪಗಳು ಒಂದೇ ದಿನದ ಓಡಾಟದಲ್ಲಿ ಸಿಗುತ್ತವೆ.

ಕಿಂಡಿ ಮತ್ತು ಮಸೂರ

ಹಂಪಿಯ ವಿರೂಪಾಕ್ಷ ದೇವಾಲಯದಲ್ಲಿ ಗರ್ಭಗುಡಿಯ ಹಿಂಬದಿಯ ಕತ್ತಲ ಕೋಣೆಯೊಂದರ ಗೋಡೆಯ ಮೇಲೆ ಪೂರ್ವ ದಿಕ್ಕಿನ ಮಹಾಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದೆ. ಒಂಬತ್ತು ಅಂತಸ್ತಿನ, ಸುಮಾರು 50 ಮೀಟರ್ ಎತ್ತರದ ಗೋಪುರ ಎದುರು ಗೋಡೆಯ ಸಣ್ಣ ಕಿಂಡಿಯ ಮೂಲಕ ಒಳಬಂದು ಪುಟ್ಟ ಬಿಂಬವಾಗುತ್ತದೆ. ಇದು ಸೂಜಿರಂಧ್ರ ಕ್ಯಾಮೆರಾದ ತತ್ತ್ವ. ವಸ್ತುವಿನ ಪ್ರತಿ ಬಿಂದುವಿನಿಂದ ಹೊರಟ ಕಿರಣಗಳಲ್ಲಿ ಒಂದು ತೆಳುವಾದ ಕಟ್ಟನ್ನು ಮಾತ್ರ ಕಿಂಡಿ ಒಳಗೆ ಬಿಡುವುದರಿಂದ, ಹತ್ತಿರದ ವಸ್ತುವಿಗೂ ದೂರದ ವಸ್ತುವಿಗೂ ಇಲ್ಲಿ ಹೆಚ್ಚುಕಡಿಮೆ ಒಂದೇ ಬಗೆಯ ಸ್ಪಷ್ಟತೆ. ಸೂಜಿರಂಧ್ರಕ್ಕೆ ಫೋಕಸ್ ಎಂಬುದೇ ಇಲ್ಲ. ಆದರೆ ಬಿಂಬ ಬಲು ಮಬ್ಬು. ಕೋಣೆ ಕತ್ತಲಾಗಿದ್ದರೆ ಮಾತ್ರ ಅದು ಕಾಣುತ್ತದೆ. ಕಿಂಡಿಯನ್ನು ಹಿಗ್ಗಿಸಿದರೆ ಬಿಂಬ ಬೆಳಗುತ್ತದೆ, ಆದರೆ ಅಂಚುಗಳು ಕರಗುತ್ತವೆ. ಕುಗ್ಗಿಸಿದರೆ ಅಂಚು ಗಟ್ಟಿಯಾಗುತ್ತದೆ, ಬೆಳಕು ಸಾಲದಾಗುತ್ತದೆ; ತೀರ ಕುಗ್ಗಿಸಿದರೆ ಬೆಳಕಿನ ವಿವರ್ತನೆಯಿಂದ ಅಂಚು ಮತ್ತೆ ಮಸುಕಾಗುತ್ತದೆ. ಬೆಳಕು ಮತ್ತು ಆಳದ ಕೊಡುಕೊಳ್ಳುವಿಕೆ ಕ್ಯಾಮೆರಾ ತಯಾರಕರು ಕಲ್ಪಿಸಿದ್ದಲ್ಲ, ಕಿಂಡಿಯ ಸ್ವಭಾವದಲ್ಲೇ ಇರುವಂಥದ್ದು ಎಂಬುದಕ್ಕೆ ಈ ಗೋಡೆಯೇ ಸಾಕ್ಷಿ.

ಮಸೂರ ಬಂದದ್ದು ಈ ಬಡತನವನ್ನು ನೀಗಲು. ಅದು ದೊಡ್ಡ ಕಿಂಡಿಯಿಂದ ಹೆಚ್ಚು ಬೆಳಕನ್ನು ಒಳಗೆ ಬಿಟ್ಟೂ ಬಿಂಬವನ್ನು ಚೂಪಾಗಿಡುತ್ತದೆ. ಆದರೆ ಯಾವುದೋ ಒಂದು ನಿಗದಿತ ದೂರದಲ್ಲಿರುವ ವಸ್ತುವಿಗೆ ಮಾತ್ರ. ಉಳಿದ ದೂರಗಳಲ್ಲಿರುವ ಬಿಂದುಗಳು ಫಿಲ್ಮಿನ ಮೇಲೆ ಪುಟ್ಟ ವೃತ್ತಗಳಾಗಿ ಬೀಳುತ್ತವೆ. ಆ ವೃತ್ತ ಕಣ್ಣಿಗೆ ಬಿಂದುವಿನಂತೆಯೇ ಕಾಣುವಷ್ಟು ಚಿಕ್ಕದಿದ್ದರೆ ಅದನ್ನು ಸ್ಪಷ್ಟ ಎಂದು ಒಪ್ಪುತ್ತೇವೆ. 35 ಮಿಲಿಮೀಟರ್ ಫಿಲ್ಮಿಗೆ ಈ ಮಿತಿಯನ್ನು ಸಾಮಾನ್ಯವಾಗಿ 0.03 ಮಿಲಿಮೀಟರ್ ಎಂದು ಹಿಡಿಯುತ್ತಾರೆ. ಅಪರ್ಚರನ್ನು ಕಿರಿದಾಗಿಸಿದಷ್ಟೂ ವೃತ್ತಗಳು ಕುಗ್ಗಿ ಆಳ ಬೆಳೆಯುತ್ತದೆ. ಮಸೂರದ ಮೇಲೆ ಕೊರೆದಿರುವ 2, 2.8, 4, 5.6, 8, 11, 16, 22 ಎಂಬ ಅಂಕಿಗಳು ಸಂಗಮದೂರವನ್ನು ಕಿಂಡಿಯ ವ್ಯಾಸದಿಂದ ಭಾಗಿಸಿದಾಗ ಬರುವ ಸಂಖ್ಯೆಗಳು. ಒಂದೊಂದು ಮೆಟ್ಟಿಲು, ಅಂದರೆ ಒಂದೊಂದು ಸ್ಟಾಪ್ ಏರಿದಂತೆ ಬೆಳಕು ಅರ್ಧಕ್ಕಿಳಿಯುತ್ತದೆ. 50 ಮಿಲಿಮೀಟರ್ ಮಸೂರವನ್ನು 3 ಮೀಟರ್ ದೂರಕ್ಕೆ ಫೋಕಸ್ ಮಾಡಿದಾಗ ಎಫ್ 2ರಲ್ಲಿ ಸುಮಾರು 2.8ರಿಂದ 3.2 ಮೀಟರಿನವರೆಗೆ, ಅಂದರೆ ಅರ್ಧ ಮೀಟರಿಗೂ ಕಡಿಮೆ ಆಳ ಸಿಗುತ್ತದೆ. ಎಫ್ 16ರಲ್ಲಿ ಅದೇ ಫೋಕಸ್ಸಿಗೆ 1.9ರಿಂದ 7 ಮೀಟರಿನವರೆಗೆ ಸ್ಪಷ್ಟ. ಈ ಐದು ಮೀಟರ್ ಆಳ ಪುಕ್ಕಟೆ ಬಂದದ್ದಲ್ಲ. ಎಫ್ 2ರಿಂದ ಎಫ್ 16ಕ್ಕೆ ಆರು ಸ್ಟಾಪ್. ಷಟರ್ 64 ಪಟ್ಟು ಹೆಚ್ಚು ಹೊತ್ತು ತೆರೆದಿರಬೇಕು.

ಗ್ರೀನ್‌ಲಾನ ಹಂಪಿ

ಈ ಬೆಲೆಯನ್ನು ತೆತ್ತವರ ಸಾಲಿನಲ್ಲಿ ಮೊದಲಿಗರು 19ನೆಯ ಶತಮಾನದ ಸೈನ್ಯಾಧಿಕಾರಿಗಳು ಮತ್ತು ವೈದ್ಯರು. 1854ರ ಡಿಸೆಂಬರಿನಲ್ಲಿ ಲಿನೇಯಸ್ ಟ್ರೈಪ್ ಬೇಲೂರು, ಹಳೇಬೀಡುಗಳ ಚಿತ್ರ ತೆಗೆದ. ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರ ಸುಮಾರಿಗೆ ವಿಜಯನಗರದ ಅವಶೇಷಗಳನ್ನು ಮೇಣದ ಕಾಗದದ ದೊಡ್ಡ ನೆಗೆಟಿವ್‌ಗಳಲ್ಲಿ ಸೆರೆಹಿಡಿದ. ಪಿಗೌ, ನೀಲ್, ಬಿಗ್ಸ್ ತೆಗೆದ ಚಿತ್ರಗಳು ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಸಂಪುಟವಾಗಿ 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಗ್ರೀನ್‌ಲಾ ಬಳಸಿದ ವಿಧಾನವನ್ನು ಫ್ರಾನ್ಸಿನ ಗುಸ್ತಾವ್ ಲ ಗ್ರೇ 1851ರಲ್ಲಿ ಪ್ರಕಟಿಸಿದ್ದ. ಮೇಣ ಸವರಿ ಸಿದ್ಧಪಡಿಸಿದ ಕಾಗದವನ್ನು ಕೆಲವು ದಿನ ಇಟ್ಟು ಬಳಸಬಹುದಾಗಿದ್ದರಿಂದ ಬಳ್ಳಾರಿ ಸೀಮೆಯ ಬಿಸಿಲಿಗೆ ಅದು ಒಗ್ಗುತ್ತಿತ್ತು. ಆದರೆ ಕಾಗದದ ವೇಗ ಅತ್ಯಲ್ಪ; ನಿಚ್ಚಳ ಬಿಸಿಲಿನಲ್ಲೂ ಎಕ್ಸ್‌ಪೋಷರ್ ನಿಮಿಷಗಳ ಲೆಕ್ಕದಲ್ಲಿರುತ್ತಿತ್ತು. ಜೊತೆಗೆ ಅದು ನೀಲಿ ಬೆಳಕಿಗಷ್ಟೇ ಚೆನ್ನಾಗಿ ಸ್ಪಂದಿಸುತ್ತಿದ್ದುದರಿಂದ ಆಕಾಶ ಬರಿಯ ಬಿಳಿಯಾಗುತ್ತಿತ್ತು, ಕೆಂಪು ಇಟ್ಟಿಗೆ ಮತ್ತು ಮಣ್ಣು ಕಪ್ಪಿಡುತ್ತಿದ್ದವು. ನೆಗೆಟಿವ್ ದೊಡ್ಡದಾದಷ್ಟೂ ಉದ್ದ ಸಂಗಮದೂರದ ಮಸೂರ ಬೇಕು, ಸಂಗಮದೂರ ಬೆಳೆದಷ್ಟೂ ಆಳ ಕುಗ್ಗುತ್ತದೆ. ಹತ್ತಿರದ ಕಂಬದಿಂದ ಹಿಂದಿನ ಗುಡ್ಡದವರೆಗೆ ಎಲ್ಲವೂ ಸ್ಪಷ್ಟವಾಗಬೇಕಾದರೆ ಕಿಂಡಿಯನ್ನು ತೀರ ಕಿರಿದಾಗಿಸಿ ಇನ್ನಷ್ಟು ಹೊತ್ತು ಕಾಯುವುದು ಅನಿವಾರ್ಯ.

ಗ್ರೀನ್‌ಲಾನಿಗೆ ಬೇರೆ ದಾರಿಯೇ ಇರಲಿಲ್ಲ, ನಿಧಾನದ ಕಾಗದ ಅವನನ್ನು ಕಾಯಿಸಿತು, ಆಳವನ್ನು ಅವನು ಆರಿಸಿಕೊಂಡದ್ದಲ್ಲ ಎಂದು ಆಕ್ಷೇಪಿಸಬಹುದು. ಈ ಆಕ್ಷೇಪ ಅರ್ಧ ಮಾತ್ರ ನಿಜ. ಜೋಸೆಫ್ ಪೆಟ್ಸ್‌ವಾಲ್ 1840ರಲ್ಲೇ ಸುಮಾರು ಎಫ್ 3.6ರಷ್ಟು ಅಗಲ ಕಿಂಡಿಯ ಮಸೂರವನ್ನು ರೂಪಿಸಿದ್ದ. ಭಾವಚಿತ್ರಕಾರರು ಅದರಿಂದ ಕಾಲವನ್ನು ಸೆಕೆಂಡುಗಳಿಗೆ ಇಳಿಸಿ, ಕಿವಿ ಮಸುಕಾದರೂ ಚಿಂತೆಯಿಲ್ಲ, ಕಣ್ಣು ಚೂಪಾಗಿದ್ದರೆ ಸಾಕು ಎಂದುಕೊಂಡಿದ್ದರು. ನಿಧಾನದ ಕಾಗದ, ಫಲಕಗಳೇ ಎಲ್ಲರಿಗೂ ಇದ್ದದ್ದು. ಆಳ ಬೇಕೋ ಕಾಲ ಉಳಿಯಬೇಕೋ ಎಂಬ ಆಯ್ಕೆ ವಿಷಯಕ್ಕೆ ತಕ್ಕಂತೆ ಬೇರೆಯಾಯಿತು. ಕಟ್ಟಡ ಅಲುಗುವುದಿಲ್ಲವಾದ್ದರಿಂದ ಗ್ರೀನ್‌ಲಾ ಕಾಲವನ್ನು ಧಾರಾಳವಾಗಿ ತೆತ್ತ, ವಿವರವನ್ನು ಕೊಂಡ. ಆ ವಿವರದ ಬೆಲೆ ಇಂದು ತಿಳಿಯುತ್ತದೆ: ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಆಗ ಇಟ್ಟಿಗೆಯ ಶಿಖರವಿತ್ತು ಎಂಬುದಕ್ಕೆ ಅವನ ಚಿತ್ರ ದೃಢವಾದ ದಾಖಲೆ, ಈಗ ಆ ಶಿಖರವಿಲ್ಲ. ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ 1983ರಲ್ಲಿ ಅವೇ ನೋಟಗಳನ್ನು ಮರಳಿ ತೆಗೆದಾಗ, ಹಳೆಯ ಚಿತ್ರ ಅಂಚಿನಿಂದ ಅಂಚಿಗೆ ಸ್ಪಷ್ಟವಾಗಿದ್ದುದರಿಂದಲೇ ಕಲ್ಲಿಗೆ ಕಲ್ಲು ಹೋಲಿಸುವುದು ಸಾಧ್ಯವಾಯಿತು.

ಬಿಸಿಲು, ಮಂಟಪ, ಗದ್ದೆ

ಎಕ್ಸ್‌ಪೋಷರ್ ಮೊದಲು ಎನ್ನುವವರ ಕೈಯಲ್ಲಿರುವ ಪ್ರಬಲ ಆಧಾರ ಎಫ್ 16ರ ನಿಯಮ: ನಿಚ್ಚಳ ಬಿಸಿಲಿನಲ್ಲಿ ಅಪರ್ಚರ್ 16ಕ್ಕಿಟ್ಟು, ಫಿಲ್ಮಿನ ವೇಗ ಸೂಚಿಸುವ ಎಎಸ್‌ಎ ಅಂಕಿಯ ವಿಲೋಮವನ್ನು ಷಟರ್ ವೇಗವಾಗಿ ಇಟ್ಟರೆ ಬೆಳಕು ಅಳೆಯುವ ಮೀಟರೇ ಬೇಡ. ಎಎಸ್‌ಎ 100 ಫಿಲ್ಮಿಗೆ ಎಫ್ 16ರಲ್ಲಿ 1/125 ಸೆಕೆಂಡು. ಕಂಪ್ಲಿಯ ಸುತ್ತಲಿನ ಕಬ್ಬು, ಬತ್ತದ ಬಯಲುಗಳಲ್ಲಿ ಬೇಸಿಗೆಯ ಹೊತ್ತು ಈ ನಿಯಮ ನೆಚ್ಚಿಗೆ ಅರ್ಹ. ಆದರೆ ಈ ನಿಯಮವೇ ಆಳದ ತೀರ್ಮಾನವನ್ನು ಸದ್ದಿಲ್ಲದೆ ಒಳಗೆ ತಂದಿದೆ. ಎಫ್ 16ರಲ್ಲಿ 50 ಮಿಲಿಮೀಟರ್ ಮಸೂರವನ್ನು ಸುಮಾರು 5.2 ಮೀಟರಿಗೆ ಫೋಕಸ್ ಮಾಡಿದರೆ 2.6 ಮೀಟರಿನಿಂದ ದಿಗಂತದವರೆಗೆ ಎಲ್ಲವೂ ಸ್ಪಷ್ಟ; ಈ ಫೋಕಸ್ ದೂರಕ್ಕೆ ಹೈಪರ್‌ಫೋಕಲ್ ದೂರ ಎನ್ನುತ್ತಾರೆ. ಬದುವಿನ ಹುಲ್ಲೂ ದೂರದ ಗುಡ್ಡವೂ ಬೇಕಾದವನಿಗೆ ಇದು ಸರಿ. ನಾಟಿ ಮಾಡುವ ಹೆಣ್ಣುಮಗಳ ಮುಖ ಮಾತ್ರ ಬೇಕು, ಹಿಂದಿನ ಗದ್ದೆ ಕರಗಬೇಕು ಎನ್ನುವವನಿಗೆ ಅದೇ ‘ಸರಿಯಾದ’ ಎಕ್ಸ್‌ಪೋಷರ್ ತಪ್ಪು ಚಿತ್ರವನ್ನು ಕೊಡುತ್ತದೆ. ಅವನು ಕಿಂಡಿ ಅಗಲಿಸಬೇಕು. ಎಎಸ್‌ಎ 100 ಆದರೆ ಎಫ್ 5.6ಕ್ಕೆ 1/1000 ಸೆಕೆಂಡು. ಎಎಸ್‌ಎ 400ರ ರೋಲು ತುಂಬಿದ್ದರೆ ಎಫ್ 11ಕ್ಕೇ 1/1000 ಆಗಿಬಿಡುತ್ತದೆ. ಹಳೆಯ ಹಲವು ಕ್ಯಾಮೆರಾಗಳ ಷಟರ್ ಅದಕ್ಕಿಂತ ಮುಂದೆ ಹೋಗುವುದಿಲ್ಲ. ಬೆಳಕು ತಗ್ಗಿಸುವ ಬೂದುಗಾಜಿನ ಫಿಲ್ಟರ್ ಇಲ್ಲದಿದ್ದರೆ ತೆಳು ಆಳ ಆ ಹೊತ್ತಿನಲ್ಲಿ ಅವನಿಗೆ ಸಿಗುವಂತೆಯೇ ಇಲ್ಲ. ಬೆಳಗ್ಗೆ ರೋಲು ತುಂಬುವಾಗಲೇ ಮಧ್ಯಾಹ್ನದ ಆಳವನ್ನು ಭಾಗಶಃ ನಿರ್ಧರಿಸಿಯಾಗಿರುತ್ತದೆ. ಪ್ರತಿ ಚಿತ್ರಕ್ಕೂ ಈ ವೇಗದ ಅಂಕಿಯನ್ನು (ಐಎಸ್‌ಒ) ಬದಲಿಸಬಲ್ಲ ಡಿಜಿಟಲ್ ಕ್ಯಾಮೆರಾಕ್ಕೂ ಫಿಲ್ಮಿಗೂ ಇರುವ ದೊಡ್ಡ ವ್ಯತ್ಯಾಸ ಇದೇ.

ಮಂಟಪದೊಳಗೆ ಸಮಸ್ಯೆ ಮಗ್ಗುಲು ಬದಲಿಸುತ್ತದೆ. ಹಂಪಿ ಸುಮಾರು 15.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಮೊದಲ ವಾರದಲ್ಲೂ ಆಗಸ್ಟ್ ಎರಡನೆಯ ವಾರದಲ್ಲೂ ನಡುಹಗಲ ಸೂರ್ಯ ನೆತ್ತಿಗೆ ನೇರ. ಆಗ ಹೊರಗಿನ ನೆಲ ಹೊಳೆಯುತ್ತಿದ್ದರೂ ಕಂಬದ ಕೆತ್ತನೆಗಳು ದಟ್ಟ ನೆರಳಲ್ಲಿರುತ್ತವೆ. ಒಳಗೆ ಮೀಟರ್ ಎಫ್ 2.8ಕ್ಕೆ 1/30 ಸೆಕೆಂಡು ತೋರಿಸಿತೆನ್ನಿ. ಸಾಲುಕಂಬಗಳೆಲ್ಲ ಸ್ಪಷ್ಟವಾಗಬೇಕೆಂದು ಎಫ್ 16ಕ್ಕೆ ಇಳಿಸಿದರೆ ಐದು ಸ್ಟಾಪ್ ವ್ಯತ್ಯಾಸ. ಷಟರ್ ಪೂರ್ತಿ ಒಂದು ಸೆಕೆಂಡು ತೆರೆದಿರಬೇಕು. ಅಷ್ಟು ಹೊತ್ತಿಗೆ ಫಿಲ್ಮ್ ಕೂಡ ಲೆಕ್ಕ ತಪ್ಪಿಸುತ್ತದೆ: ಮಂದ ಬೆಳಕು ದೀರ್ಘಕಾಲ ಬಿದ್ದಾಗ ಅದರ ಸ್ಪಂದನೆ ಇಳಿಯುತ್ತದೆ. ಕೊಡಾಕ್ ಟ್ರೈ-ಎಕ್ಸ್ ಫಿಲ್ಮಿಗೆ ಲೆಕ್ಕದ 1 ಸೆಕೆಂಡನ್ನು 2ಕ್ಕೂ 10 ಸೆಕೆಂಡನ್ನು 50ಕ್ಕೂ ಏರಿಸಬೇಕೆಂದು ತಯಾರಕರ ಕೋಷ್ಟಕ ಹೇಳುತ್ತಿತ್ತು. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡಿಗೆ ಅನುಮತಿ ಬೇಕು. ಅದು ಸಿಗದಿದ್ದರೆ ಕಲಿಯುವವನು ಆಳವನ್ನು ಬಿಟ್ಟುಕೊಡಬೇಕು: ಒಂದು ಕಂಬವನ್ನು ಆರಿಸಿ, ಉಳಿದವು ಮಸುಕಾಗಲಿ ಎಂದು ಒಪ್ಪಬೇಕು. ಯಾವ ಕಂಬ ಎಂಬ ಪ್ರಶ್ನೆ ಎದುರಾದ ಕ್ಷಣ ಎಕ್ಸ್‌ಪೋಷರಿನ ಲೆಕ್ಕ ಚಿತ್ರದ ಅರ್ಥದ ಪ್ರಶ್ನೆಯಾಗುತ್ತದೆ.

ಮೀಟರ್ ಈ ಪ್ರಶ್ನೆಗೆ ಉತ್ತರಿಸಲಾರದು. ತನ್ನ ಮುಂದಿರುವುದೆಲ್ಲ ಸರಾಸರಿಯಲ್ಲಿ ನಡುಬೂದು, ಅಂದರೆ ಬಿದ್ದ ಬೆಳಕಿನ ಶೇ. 18ರಷ್ಟನ್ನು ಹಿಂದಿರುಗಿಸುವಂಥದ್ದು ಎಂದು ಅದು ಊಹಿಸಿಕೊಳ್ಳುತ್ತದೆ ಎಂಬುದು ರೂಢಿಯ ಮಾತು. ಹಂಪಿಯ ಬರಿ ಬಂಡೆಗಳಿಗೆ ಇದು ಬಹುಮಟ್ಟಿಗೆ ಹೊಂದುತ್ತದೆ. ನಾಟಿಗೆ ನೀರು ನಿಲ್ಲಿಸಿದ ಕಂಪ್ಲಿಯ ಗದ್ದೆ ಆಕಾಶವನ್ನು ಪ್ರತಿಫಲಿಸುವಾಗ ಮೀಟರ್ ಮೋಸಹೋಗಿ ಚಿತ್ರ ಅಂಡರ್ ಆಗುತ್ತದೆ. ಒಂದೆರಡು ಸ್ಟಾಪ್ ಹೆಚ್ಚು ಕೊಡಬೇಕು. 1994ರಲ್ಲಿ ಘೋಷಿತವಾದ ದರೋಜಿ ಕರಡಿಧಾಮದಲ್ಲಿ ಕರಿಯ ಕರಡಿಯೇ ಚೌಕಟ್ಟನ್ನು ತುಂಬಿದರೆ ಇದಕ್ಕೆ ಉಲ್ಟಾ; ಮೀಟರಿನ ಮಾತು ಕೇಳಿದರೆ ಕಪ್ಪು ತುಪ್ಪಟ ಬೂದಿಯಾಗಿ, ಎದೆಯ ಮೇಲಿನ ಬಿಳಿ ಗುರುತು ವಿವರವಿಲ್ಲದೆ ಸುಟ್ಟುಹೋಗುತ್ತದೆ. ಹರ್ಟರ್ ಮತ್ತು ಡ್ರಿಫೀಲ್ಡ್ 1890ರಲ್ಲಿ ಬೆಳಕಿಗೂ ಫಿಲ್ಮಿನ ಕಪ್ಪಿಗೂ ಇರುವ ಸಂಬಂಧವನ್ನು ರೇಖೆಯಾಗಿ ಬರೆದರು. ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1939–40ರ ಸುಮಾರಿಗೆ ಅದನ್ನು ಜೋನ್ ಪದ್ಧತಿಯಾಗಿ ಛಾಯಾಗ್ರಾಹಕರ ಕೈಗೆ ಕೊಟ್ಟರು. ನೆರಳಿಗೆ ತಕ್ಕಂತೆ ಎಕ್ಸ್‌ಪೋಸ್ ಮಾಡು, ಬೆಳಕಿಗೆ ತಕ್ಕಂತೆ ಡೆವಲಪ್ ಮಾಡು ಎಂಬ ಹಳೆಯ ಮಾತಿಗೆ ಹೀಗೆ ಅಳತೆ ಬಂತು. ಈ ವಿದ್ಯೆಯನ್ನು ಕಲಿಯಲೇಬೇಕು. ಆದರೆ ಕಪ್ಪು-ಬಿಳುಪಿನ ಹಂಚಿಕೆಯ ಬಗ್ಗೆ ಇಷ್ಟೆಲ್ಲ ಹೇಳುವ ಈ ವಿದ್ಯೆ, ಎಲ್ಲಿಂದ ಎಲ್ಲಿಯವರೆಗೆ ಸ್ಪಷ್ಟವಾಗಿರಬೇಕೆಂಬುದರ ಬಗ್ಗೆ ಮೌನ.

ಓಡುವ ವಸ್ತುವಿನ ಆಕ್ಷೇಪ

ಕಟ್ಟಡಕ್ಕೆ ಸಲ್ಲುವ ಮಾತು ಕಾಡಿಗೆ ಸಲ್ಲದು, ಪ್ರಾಣಿ ನಿಲ್ಲುವುದಿಲ್ಲ, ಅಲ್ಲಿ ಷಟರ್ ಮೊದಲು, ಆಳ ಸಿಕ್ಕಿದಷ್ಟು ಎಂಬುದು ಇನ್ನೊಂದು ಆಕ್ಷೇಪ. ಇದಕ್ಕೆ ಉತ್ತರ ಹುಡುಕಲು ಸಂಡೂರಿಗಿಂತ ಒಳ್ಳೆಯ ಜಾಗವಿಲ್ಲ. ಸಂಡೂರಿನ ರಾಜಮನೆತನದ ಎಂ. ವೈ. ಘೋರ್ಪಡೆ (1931–2011) ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಸಚಿವರಾಗಿದ್ದವರು. ಕಪ್ಪು-ಬಿಳುಪು ವನ್ಯಜೀವಿ ಛಾಯಾಗ್ರಹಣದಲ್ಲಿ ಅಂತರರಾಷ್ಟ್ರೀಯ ಮನ್ನಣೆ ಪಡೆದವರು. 1983ರಲ್ಲಿ ಪ್ರಕಟವಾದ ಅವರ ಪುಸ್ತಕದ ಹೆಸರು ‘ಸನ್‌ಲೈಟ್ ಅಂಡ್ ಶ್ಯಾಡೋಸ್’. ಬಿಸಿಲು ನೆರಳುಗಳನ್ನೇ ಹೆಸರಾಗಿಸಿಕೊಂಡ ಆ ಬಗೆಯ ಕೆಲಸದ ಲೆಕ್ಕ ಹೀಗಿರುತ್ತದೆ: 400 ಮಿಲಿಮೀಟರ್ ಮಸೂರ, ಎಫ್ 5.6, ಆನೆ 20 ಮೀಟರ್ ದೂರದಲ್ಲಿ. ಆಗ ಸ್ಪಷ್ಟತೆಯ ಆಳ ಸುಮಾರು 80 ಸೆಂಟಿಮೀಟರ್ ಮಾತ್ರ. ಎದುರಿಗೆ ಬರುವ ಆನೆಯ ದಂತದ ತುದಿಯಿಂದ ಕಿವಿಯವರೆಗಿನ ಅಂತರ ಅದಕ್ಕಿಂತ ಹೆಚ್ಚಿರಬಹುದು. ಮರದ ನೆರಳಿನಲ್ಲಿ ಎಫ್ 11ಕ್ಕೆ ಇಳಿಸಿದರೆ ಷಟರ್ ನಾಲ್ಕು ಪಟ್ಟು ನಿಧಾನವಾಗಿ, ಉದ್ದ ಮಸೂರದ ಅಲುಗಾಟವೇ ಚಿತ್ರವನ್ನು ಕೆಡಿಸುತ್ತದೆ. ಇಲ್ಲಿ ಆಳದ ಪ್ರಶ್ನೆ ಹಿಂದೆ ಸರಿಯಿತೆಂದು ಹೇಳುವಂತಿಲ್ಲ. ಅದು ಇನ್ನಷ್ಟು ಬಿಗಿಯಾಯಿತು. ಸಿಗುವ 80 ಸೆಂಟಿಮೀಟರನ್ನು ಕಣ್ಣಿನ ಮೇಲೆ ಇಡಬೇಕೆಂದು, ಪ್ರಾಣಿ ಪಕ್ಕಕ್ಕೆ ತಿರುಗಿ ಅದರ ಮೈಯೆಲ್ಲ ಒಂದೇ ದೂರಕ್ಕೆ ಬರುವವರೆಗೆ ಕಾಯಬೇಕೆಂದು ಮೊದಲೇ ಗೊತ್ತಿದ್ದವನಿಗೆ ಮಾತ್ರ ವೇಗದ ಷಟರ್ ಫಲ ಕೊಡುತ್ತದೆ. ಕಾಲವನ್ನು ತೆರಲಾಗದ ಕಡೆ ಛಾಯಾಗ್ರಾಹಕ ತಾಳ್ಮೆಯನ್ನು ತೆರುತ್ತಾನೆ. ವೇಗದ ಫಿಲ್ಮನ್ನು ಕೂಡ ತೆರಬಹುದು. ಆದರೆ ಎಎಸ್‌ಎ 400ರ ಫಿಲ್ಮನ್ನು 1600ಕ್ಕೆ ತಳ್ಳಿ ಡೆವಲಪ್ ಮಾಡಿದರೆ ಕಣಗಳು ದಪ್ಪವಾಗಿ ನೆರಳಿನ ವಿವರ ಅಳಿಯುತ್ತದೆ.

ಫ್ಲ್ಯಾಷ್ ಬಳಸುವ ಊರಿನ ಸ್ಟುಡಿಯೋದವರು ಈ ಕೊಡುಕೊಳ್ಳುವಿಕೆಯಿಂದ ಪಾರಾಗಿದ್ದಾರೆಯೇ? ಫ್ಲ್ಯಾಷಿನ ಮಿಂಚು ಷಟರಿಗಿಂತ ಎಷ್ಟೋ ಚಿಕ್ಕದಾದ್ದರಿಂದ ಅಲ್ಲಿ ಷಟರ್ ಕಾಲ ಲೆಕ್ಕಕ್ಕೆ ಬಾರದು, ನಿಜ. ಆದರೆ ಆ ಸ್ಥಾನಕ್ಕೆ ದೂರ ಬರುತ್ತದೆ. ಗೈಡ್ ಸಂಖ್ಯೆ, ಅಂದರೆ ದೂರದಿಂದ ಭಾಗಿಸಿದರೆ ಅಪರ್ಚರ್ ಕೊಡುವ ಅಂಕಿ, 32 ಇರುವ ಫ್ಲ್ಯಾಷು 4 ಮೀಟರ್ ದೂರಕ್ಕೆ ಎಫ್ 8 ಕೊಡುತ್ತದೆ. ಆಗ 50 ಮಿಲಿಮೀಟರ್ ಮಸೂರದಲ್ಲಿ ಸುಮಾರು 2.9ರಿಂದ 6.5 ಮೀಟರಿನವರೆಗೆ ಸ್ಪಷ್ಟ. ಮದುವೆ ಮಂಟಪದಲ್ಲಿ ಮೂರು ಸಾಲು ನಿಂತ ಬಂಧುಗಳೆಲ್ಲರ ಮುಖವೂ ಬಂತು. ಹಿಂದಿನ ಸಾಲಿಗೆ ಬೆಳಕು ಕಡಿಮೆಯಾಗುವುದಷ್ಟೇ ಉಳಿದ ತೊಡಕು. ಬೆಲೆ ತೆರುವ ನಾಣ್ಯ ಬದಲಾಯಿತೇ ಹೊರತು ಬೆಲೆ ತಪ್ಪಲಿಲ್ಲ.

ತಿದ್ದಬಹುದಾದದ್ದು, ತಿದ್ದಲಾಗದ್ದು

ಸ್ಪಷ್ಟತೆಯ ಆಳ ಎಂಬುದೇ ಒಂದು ಭ್ರಮೆ, ನಿಜಕ್ಕೂ ಚೂಪಾಗಿರುವುದು ಒಂದೇ ತಲ, ಉಳಿದದ್ದು ಪ್ರಿಂಟಿನ ಅಳತೆಗೆ ತಕ್ಕಂತೆ ಬದಲಾಗುವಂಥದ್ದು, ಅಂಥದ್ದನ್ನು ಮೊದಲ ಪಾಠ ಮಾಡುವುದು ಹೇಗೆ ಎಂಬ ಆಕ್ಷೇಪವೂ ಇದೆ. ಇದರ ಪೂರ್ವಾರ್ಧ ಸರಿ. ಮಸೂರದ ಮೇಲಿನ ಆಳದ ಗೆರೆಗಳು ಸಾಧಾರಣ ಗಾತ್ರದ ಪ್ರಿಂಟನ್ನು ಕೈಯಳತೆಯಲ್ಲಿ ಹಿಡಿದು ನೋಡುವವರಿಗಾಗಿ ಹಾಕಿದವು. ಗೋಡೆಯಗಲ ದೊಡ್ಡದು ಮಾಡಿ ಹತ್ತಿರದಿಂದ ನೋಡುವುದಾದರೆ ಒಂದೆರಡು ಸ್ಟಾಪ್ ಹೆಚ್ಚು ಮುಚ್ಚಬೇಕು. 120 ರೋಲಿನ ಚೌಕ ನೆಗೆಟಿವ್‌ಗೆ 80 ಮಿಲಿಮೀಟರ್ ಮಸೂರ ಬೇಕಾಗುವುದರಿಂದ, ಅದೇ ಎಫ್ 16ರಲ್ಲಿ ಅದರ ಹೈಪರ್‌ಫೋಕಲ್ ದೂರ 5.2 ಮೀಟರಿನ ಬದಲು ಸುಮಾರು 8 ಮೀಟರ್ ಆಗುತ್ತದೆ. ಆದರೆ ಇದರಿಂದ ಹೊರಡುವ ತೀರ್ಮಾನ ಆಕ್ಷೇಪಕ್ಕೆ ವಿರುದ್ಧವಾದದ್ದು. ಆಳ ಉದ್ದೇಶವನ್ನು ಅವಲಂಬಿಸಿದೆ ಎಂದಾದರೆ, ಚಿತ್ರ ಯಾರಿಗೆ, ಯಾವ ಗಾತ್ರದಲ್ಲಿ, ಯಾತಕ್ಕೆ ಎಂದು ಗುಂಡಿ ಒತ್ತುವ ಮುಂಚೆಯೇ ಯೋಚಿಸಬೇಕಾಗುತ್ತದೆ. ಕಲಿಯುವವನಿಗೆ ಅದಕ್ಕಿಂತ ಮೊದಲು ಬರಬೇಕಾದ ಪಾಠ ಯಾವುದು?

ವಾದವನ್ನು ಕೊನೆಗೂ ನಿಲ್ಲಿಸುವುದು ಕತ್ತಲಕೋಣೆಯ ಅನುಭವ. ಕಪ್ಪು-ಬಿಳುಪು ನೆಗೆಟಿವ್ ಒಂದೆರಡು ಸ್ಟಾಪ್ ಓವರ್ ಆದರೂ ಸಹಿಸಿಕೊಳ್ಳುತ್ತದೆ; ಅಂಡರ್ ಆದಾಗ ಅದರ ಸಹನೆ ಕಡಿಮೆ, ಆದರೂ ಕಾಗದದ ಗ್ರೇಡ್ ಬದಲಿಸಿ, ಕೆಲವು ಭಾಗಗಳಿಗೆ ಬೆಳಕು ಮರೆಹಿಡಿದು, ಕೆಲವಕ್ಕೆ ಹೆಚ್ಚು ಬೆಳಕು ಕೊಟ್ಟು ಪ್ರಿಂಟನ್ನು ಸಾಕಷ್ಟು ಸುಧಾರಿಸಬಹುದು. ಸ್ಲೈಡ್ ಫಿಲ್ಮಿನಲ್ಲಿ ಅರ್ಧ ಸ್ಟಾಪ್ ತಪ್ಪಿದರೂ ಕಾಣುತ್ತದೆ ಎಂಬುದು ಸತ್ಯವೇ. ಅದಕ್ಕೆ ಮದ್ದೂ ಗೊತ್ತು: ಅರ್ಧರ್ಧ ಸ್ಟಾಪ್ ಆಚೀಚೆ ಮೂರು ಚಿತ್ರ ತೆಗೆಯುವುದು. ಆದರೆ ಮಸುಕಾದ ಕಂಬವನ್ನು ಯಾವ ಕಾಗದವೂ ಚೂಪು ಮಾಡದು, ಯಾವ ರಾಸಾಯನಿಕವೂ ಹಿಂದಿನ ಅನವಶ್ಯಕ ಗಿಡಗಂಟಿಯನ್ನು ಕರಗಿಸದು. ತಿದ್ದಬಹುದಾದ ತಪ್ಪನ್ನು ಮೊದಲ ಪಾಠವಾಗಿಯೂ ತಿದ್ದಲಾಗದ ತಪ್ಪನ್ನು ಎರಡನೆಯ ಪಾಠವಾಗಿಯೂ ಇಡುವುದು ಕ್ರಮಭಂಗ.

ಹೊಸದಾಗಿ ಫಿಲ್ಮ್ ಕ್ಯಾಮೆರಾ ಹಿಡಿಯುವವರಿಗೆ ಇದರಿಂದ ಒಂದು ಕಾರ್ಯಕ್ರಮ ಸಿದ್ಧವಾಗುತ್ತದೆ. ತೆಳು ಮೋಡದ ದಿನ, ಹತ್ತಿರದಲ್ಲೊಂದು ಬಂಡೆ, ದೂರದಲ್ಲೊಂದು ಮಂಟಪ ಇರುವ ನೋಟವನ್ನು ಆರಿಸಿ, ಎಎಸ್‌ಎ 100ರ ಫಿಲ್ಮಿನಲ್ಲಿ ಎಫ್ 2.8ಕ್ಕೆ 1/1000, ಎಫ್ 8ಕ್ಕೆ 1/125, ಎಫ್ 16ಕ್ಕೆ 1/30 ಎಂದು ಮೂರು ಚಿತ್ರ ತೆಗೆದು, ಪ್ರತಿಯೊಂದರ ಅಪರ್ಚರ್, ಷಟರ್, ಫೋಕಸ್ ದೂರಗಳನ್ನು ಪುಸ್ತಕದಲ್ಲಿ ಬರೆದಿಡಬೇಕು. ಮೂರಕ್ಕೂ ಬಿದ್ದ ಬೆಳಕು ಒಂದೇ, ನೆಗೆಟಿವ್‌ಗಳ ಕಪ್ಪೂ ಒಂದೇ. ಆದರೆ ಚಿತ್ರಗಳು ಮೂರು ಬೇರೆ ಮಾತು ಹೇಳುತ್ತವೆ. ಎಕ್ಸ್‌ಪೋಷರ್ ಸರಿಯಾಗಿರುವುದು ಚಿತ್ರ ಸರಿಯಾಗಿರುವುದಕ್ಕೆ ಸಾಕಾಗುವುದಿಲ್ಲ ಎಂಬುದು ಆ ಮೂರು ಪ್ರಿಂಟುಗಳನ್ನು ಪಕ್ಕಪಕ್ಕ ಇಟ್ಟಾಗ ತಾನೇ ಮನದಟ್ಟಾಗುತ್ತದೆ. ಆದ್ದರಿಂದ ಕಲಿಸುವವರು ಮೊದಲ ದಿನ ಮೀಟರನ್ನು ಪಕ್ಕಕ್ಕಿಟ್ಟು, ಏನು ಸ್ಪಷ್ಟವಾಗಿರಬೇಕು, ಏನು ಬೇಡ ಎಂದು ಕೇಳುವುದರಿಂದ ಶುರುಮಾಡಲಿ. ಮೀಟರಿನ ಪಾಠ ಎರಡನೆಯ ದಿನಕ್ಕಿರಲಿ.